ಪಚ್ಚೆಗುಡ್ಡೆಯ ನುಡಿಕಲ್ಲು

ಪಚ್ಚೆಗುಡ್ಡೆಯ ಕಲ್ಲು ಮಾತಾಡದೆ ಮೂರು ವರ್ಷವಾಗಿತ್ತು. ಈ ವರ್ಷವೂ ಅದು ಬಾಯಿ ಬಿಡದಿದ್ದರೆ ಚಿನ್ನಯ್ಯನ ಕೈಯಿಂದ ನೀರು ಹೊಯ್ಯುವ ಚೆಂಬನ್ನು ತೆಗೆದು ಅವನ ಸೋದರಳಿಯ ಸುಧಾಕರನಿಗೆ ಕೊಡುವುದೆಂದು ಕುಟುಂಬದವರೆಲ್ಲ ಸೇರಿ ತೀರ್ಮಾನ ಮಾಡಿಯಾಗಿತ್ತು. ಚಿನ್ನಯ್ಯನ ಎದುರಿಗೇ ಮಾಡಿದರು, ಅಷ್ಟರ ಮಟ್ಟಿಗೆ ಮರ್ಯಾದಸ್ಥರು. ಅವನೂ ಆಗಲಿ ಎಂದು ತಲೆಯಾಡಿಸಿ, ಎಲೆಯಡಿಕೆಯ ತಟ್ಟೆಯನ್ನು ಹಿರಿಯ ಶೇಷಪ್ಪನ ಕಡೆಗೆ ತಳ್ಳಿ, ಎದ್ದು ಹೋಗಿ ದನದ ಕೊಟ್ಟಿಗೆಯ ಹಿಂದೆ ನಿಂತು ಅತ್ತುಬಿಟ್ಟ.

ಕಲ್ಲು ಮಾತಾಡುವುದುಂಟೇ ಎಂದು ನಗುವವರು ವೇಣೂರಿನಿಂದ ಅಳದಂಗಡಿಗೆ ಹೋಗುವ ದಾರಿಯಲ್ಲಿ ಒಮ್ಮೆ ಇಳಿದು ನೋಡಬೇಕು. ಹುಲ್ಲು ಕೂಡ ನೆಟ್ಟಗೆ ಹುಟ್ಟದ ಬೋಳು ಗುಡ್ಡೆ ಅದು. ಅದಕ್ಕೆ ಹಸುರಿನ ಹೆಸರಿಟ್ಟವರು ಯಾರೋ ತಮಾಷೆಯ ಮನುಷ್ಯರಿರಬೇಕು ಎಂದೇ ಊರಿನವರು ತಿಳಿದಿದ್ದರು. ಗುಡ್ಡೆಯ ಬುಡದಲ್ಲಿ ಕಪ್ಪಾದ ಒಂದು ಬಂಡೆ, ಬಂಡೆಯ ಬಲಕ್ಕೆ ಮನುಷ್ಯ ಬಗ್ಗಿ ನುಗ್ಗಬಹುದಾದ ಒಂದು ಗುಹೆ. ತುಳುವರ ಹೊಸ ವರ್ಷದ ಪಗ್ಗು ತಿಂಗಳ ಒಂದು ಸಂಜೆ ಆ ಬಂಡೆಗೆ ಕಟ್ಟಿಗೆ ಒರಗಿಸಿ ಬೆಂಕಿ ಹಾಕುತ್ತಾರೆ. ಬಂಡೆ ಚೆನ್ನಾಗಿ ಕಾದ ಮೇಲೆ ನೀರು ಹೊಯ್ಯುವವನು "ಪಿರ ಪೋಲೆ, ಪಿರ ಪೋಲೆ" ಎಂದು ಕೂಗುತ್ತಾನೆ. ತುಳುವಿನಲ್ಲಿ ಹಿಂದೆ ಹೋಗಿ ಎಂದು ಅದರ ಅರ್ಥ. ಗುಹೆಯಲ್ಲಿ ಕುಲೆಗಳಿವೆ, ಅಂದರೆ ಸತ್ತವರ ಪ್ರೇತಗಳಿವೆ, ಅವುಗಳಿಗೆ ಹೇಳುವ ಮಾತು ಅದು ಎಂದು ಹಿರಿಯರು ನಂಬಿದ್ದರು. ಕೂಗಿದ ಮೇಲೆ ತಾಮ್ರದ ಚೆಂಬಿನ ನೀರನ್ನು ಒಂದೇ ಸಲಕ್ಕೆ ಬಂಡೆಯ ಮುಖಕ್ಕೆ ಹೊಯ್ಯುತ್ತಾನೆ. ಬಂಡೆ ಟಪ್ಪೆಂದು ಸಿಡಿದರೆ ಅದೇ ನುಡಿ, ದೈವದ ಮಾತು. ಆಗ ನೀರು ಹೊಯ್ದವನು ಜನರ ಕಡೆ ತಿರುಗಿ "ಬಲೆ, ಬಲೆ" ಎನ್ನುತ್ತಾನೆ, ಬನ್ನಿ ಬನ್ನಿ ಎಂದು. ಜನ ಮುಂದೆ ಬಂದು ಸಿಡಿದ ಚೂರು ಹೆಕ್ಕಿಕೊಂಡು ಹೋಗಿ ಅಕ್ಕಿಯ ಮಡಕೆಯಲ್ಲಿ ಇಡುತ್ತಾರೆ. ನುಡಿ ಬಾರದಿದ್ದರೆ ಕರೆಯುವಂತಿಲ್ಲ. ದೂರದಿಂದಲೇ ಕೈಮುಗಿದು ಮನೆಗೆ ಹೋಗಬೇಕು.

ನೀರು ಹೊಯ್ಯುವ ಹಕ್ಕು ಸೋದರಮಾವನಿಂದ ಅಳಿಯನಿಗೆ ಇಳಿದುಬರುವುದು. ಚಿನ್ನಯ್ಯನಿಗೆ ಅವನ ಮಾವ ಜತ್ತಪ್ಪನಿಂದ ಬಂದಿತ್ತು. ಬೇರೆ ಯಾವುದರಲ್ಲೂ ಚಿನ್ನಯ್ಯ ದೊಡ್ಡ ಮನುಷ್ಯನಲ್ಲ. ತಲೆ ಹಣ್ಣಾಗುವವರೆಗೆ ಬಿ.ಸಿ.ರೋಡಿಗೆ ಓಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರನಾಗಿದ್ದವನು. ಬಸ್ ನಿಲ್ದಾಣದಲ್ಲಿ "ಬಲೆ ಬಲೆ ಬಲೆ" ಎಂದು ಜನರನ್ನು ಕರೆದು ತುಂಬಿಸುವುದು, ತುಂಬಿದ ಮೇಲೆ "ಪಿರ ಪೋಲೆ, ಪಿರ ಪೋಲೆ" ಎಂದು ಹಿಂದಕ್ಕೆ ತಳ್ಳುವುದು, ಇದೇ ಅವನ ಆಯುಷ್ಯವಾಯಿತು. ಚಿನ್ನಯ್ಯ ಕುಲೆಗಳಿಗೂ ಟಿಕೆಟ್ ಹರಿಯುತ್ತಾನೆ ಎಂದು ಊರಿನವರು ನಗುತ್ತಿದ್ದರು, ಅವನೂ ನಗುತ್ತಿದ್ದ. ಆದರೆ ವರ್ಷಕ್ಕೊಮ್ಮೆ ಕಲ್ಲು ಅವನ ಕೈಯ ನೀರಿಗೆ ಮಾತಾಡುತ್ತಿತ್ತು, ಊರೇ ಅವನ ಒಂದು ಕರೆಗಾಗಿ ಕಾಯುತ್ತಿತ್ತು. ಉಳಿದ ದಿನಗಳ ನೂಕುನುಗ್ಗಲನ್ನು ಅವನು ಸಹಿಸಿದ್ದು ಆ ಒಂದು ಸಂಜೆಯ ಬಲದಿಂದ.

ಈಗ ಅದೂ ಹೋಗುವುದರಲ್ಲಿತ್ತು. ದೈವಕ್ಕೆ ಯಾವ ಕೊರತೆಯೂ ಇಲ್ಲವಲ್ಲ ಎಂದು ಎಲ್ಲರೂ ಹೇಳುವವರೇ. ದುಬಾಯಿಯಲ್ಲಿ ಹೋಟೆಲು ನಡೆಸುವ ಸುಧಾಕರ ತೀರಿಹೋದ ತಾಯಿಯ ನೆನಪಿಗೆ ಜೀರ್ಣೋದ್ಧಾರ ಮಾಡಿಸಿದ್ದ. ಕಪ್ಪು ಬಂಡೆಯ ಮೇಲೆ ಹೊಳೆಯುವ ಬಿಳಿ ಟೈಲ್ಸು, ಗುಹೆಯ ಬಾಯಿಗೆ ಕಬ್ಬಿಣದ ಗೇಟು, ಮಳೆ ತಾಗದಂತೆ ಮೇಲೊಂದು ಶೀಟಿನ ಮಾಡು. ಟೈಲ್ಸು ಮಸಿ ಹಿಡಿಯಬಾರದೆಂದು, ಬೆಂಕಿ ಹಾಕಲು ಕಾಲುಗಳಿರುವ ಕಬ್ಬಿಣದ ಕುಂಡವೊಂದನ್ನೂ ಮಾಡಿಸಿ ಎದುರಿಗಿಟ್ಟಿದ್ದ. ಇಷ್ಟೆಲ್ಲ ಚಂದ ಮಾಡಿಕೊಟ್ಟ ಮೇಲೂ ದೈವ ಮಾತಾಡುವುದಿಲ್ಲವೆಂದರೆ ತಪ್ಪು ನೀರು ಹೊಯ್ಯುವವನದ್ದೇ ಅಲ್ಲವೇ? ಚಿನ್ನಯ್ಯನಿಗೂ ಹಾಗೆಯೇ ಅನಿಸಿತ್ತು. ರಾತ್ರಿ ಊಟಕ್ಕೆ ಕೂತಾಗ ಬಲಗೈಯನ್ನು ಅತ್ತ ಇತ್ತ ತಿರುಗಿಸಿ ನೋಡಿಕೊಳ್ಳುತ್ತಿದ್ದ.

"ಕೈಯನ್ನು ಎಂಥ ನೋಡ್ತೀರಿ? ಅನ್ನ ಕಲಸಲಿಕ್ಕೆ ಸರಿಯೇ ಉಂಟಲ್ಲ," ಎಂದು ಹೆಂಡತಿ ಕಾಂತಿ ರೇಗುತ್ತಿದ್ದಳು. ರೇಗಿ, ಒಳಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಸಾತ್ವಿಕಾ ಬಂದದ್ದು ಹೀಗಿರುವಾಗ. ಮೂಡುಬಿದಿರೆಯ ಹುಡುಗಿ, ಹಳೆಯ ಕಾಲದ ಅವಶೇಷಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ವೇಣೂರಿನಲ್ಲಿ ಅಬ್ದುಲ್ ವಹಾಬನ ಗುಜರಿ ಅಂಗಡಿಯ ಬಾಗಿಲಿಗೆ ಅಡ್ಡ ಇಟ್ಟಿದ್ದ ಕರಿ ಗಟ್ಟಿಯೊಂದು ಅವಳ ಕಣ್ಣಿಗೆ ಬಿತ್ತು. ಎತ್ತಿ ನೋಡಿದಳು, ತಿರುಗಿಸಿ ನೋಡಿದಳು, ಕೊನೆಗೆ ಅಂಗಡಿಯ ಮೆಟ್ಟಿಲಲ್ಲೇ ಕೂತುಬಿಟ್ಟಳು. ಅದು ತಾಮ್ರ ಕರಗಿಸಿದಾಗ ಉಳಿಯುವ ಕಿಟ್ಟವಂತೆ. ಎಲ್ಲಿ ಸಿಕ್ಕಿತು ಎಂದು ಕೇಳಿದಳು.

"ನಮ್ಮ ಅಜ್ಜನ ಕಾಲದಿಂದ ಉಂಟು ಮೇಡಂ. ಪಚ್ಚೆಗುಡ್ಡೆಯದ್ದು," ಎಂದ ವಹಾಬ. ಪ್ರತಿ ವರ್ಷ ಬಂಡೆಗೆ ಹಾಕುವ ಬೆಂಕಿಗೆ ಮೊದಲ ಕಟ್ಟು ಕಟ್ಟಿಗೆ ಹೋಗುವುದು ವಹಾಬನ ಮನೆಯಿಂದ. ಯಾಕೆ ಎಂದು ಎರಡೂ ಮನೆಯವರಿಗೆ ಗೊತ್ತಿಲ್ಲ, ನಿಲ್ಲಿಸುವ ಯೋಚನೆಯೂ ಯಾರಿಗೂ ಬಂದದ್ದಿಲ್ಲ. ಅವನು ಅಂಗಡಿಯನ್ನು ತಮ್ಮನಿಗೆ ವಹಿಸಿ, ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಚಿನ್ನಯ್ಯನ ಮನೆಗೆ ಕರೆತಂದ. ಗುಹೆಯನ್ನು ಒಳಗಿನಿಂದ ನೋಡಬೇಕೆಂದು ಅವಳು ಕೇಳಿಕೊಂಡಳು.

ಗುಹೆಯೊಳಗೆ ಹೋಗುವ ಅಧಿಕಾರ ನೀರು ಹೊಯ್ಯುವವನಿಗೆ ಮಾತ್ರ. ಆದರೆ ಅಧಿಕಾರವಿದ್ದವರು ಯಾರೂ ಹೆಚ್ಚು ಒಳಗೆ ಹೋದದ್ದಿಲ್ಲ. ಜತ್ತಪ್ಪ ಒಮ್ಮೆ ಮೊದಲ ತಿರುವಿನವರೆಗೆ ಹೋಗಿ ಬಾವಲಿಗಳ ಗಲಾಟೆಗೆ ಓಡಿ ಬಂದವನು, ಆಮೇಲೆ ಆ ಓಟವನ್ನೇ ದೈವಭಕ್ತಿ ಎಂದು ಹೇಳಿಕೊಂಡು ತಿರುಗಿದ. ಚಿನ್ನಯ್ಯನೂ ಬೇರೆ ಸಮಯದಲ್ಲಾದರೆ ಗೇಟು ತೆಗೆಯುತ್ತಿರಲಿಲ್ಲ. ಈಗ ಹೇಗೂ ಅಧಿಕಾರ ಹೋಗುವುದೇ, ಹೋಗುವ ಮೊದಲು ದೈವ ಯಾಕೆ ಮುನಿಯಿತು ಎಂದು ಒಳಗೆ ಹೋಗಿಯೇ ಕೇಳುವ ಎಂದು ಅವನಿಗೆ ಅನಿಸಿತು. ಬೀಗ ತೆಗೆದು ಅವಳನ್ನೂ ಬರಲಿ ಎಂದ.

ಸಾತ್ವಿಕಾ ತಲೆಗೆ ಹೆಲ್ಮೆಟ್ ಕಟ್ಟಿ, ಗಾಳಿ ಸರಿ ಇದೆಯೇ ಎಂದು ತಿಳಿಸುವ ಸಣ್ಣ ಯಂತ್ರವನ್ನು ಮುಂದೆ ಹಿಡಿದು ನಡೆದಳು. ಹಿಂದೆ ಚಿನ್ನಯ್ಯ, ಕೈಯಲ್ಲಿ ಟಾರ್ಚು, ಬಾಯಲ್ಲಿ ದೈವದ ಹೆಸರು. ಸ್ವಲ್ಪ ದೂರ ಬಗ್ಗಿ ಹೋದರು, ಆಮೇಲೆ ಹೊಟ್ಟೆಯ ಮೇಲೆ ತೆವಳಿದರು. ಬಾವಲಿಗಳ ವಾಸನೆ ಹಿಂದೆ ಉಳಿಯಿತು. ಕೈಗೆ ಸಿಗುವ ನೆಲ ತಣ್ಣಗಾಯಿತು. ನಂತರ ಇದ್ದಕ್ಕಿದ್ದಂತೆ ಮೇಲಿನ ಕಲ್ಲು ಎತ್ತರಕ್ಕೆ ಹೋಯಿತು, ಇಬ್ಬರೂ ಎದ್ದು ನಿಂತರು, ಟಾರ್ಚನ್ನು ಮೇಲೆತ್ತಿದರು.

ಗೋಡೆ ಹಸುರಾಗಿತ್ತು. ಪಾಚಿಯ ಹಸುರಲ್ಲ, ಎಲೆಯ ಹಸುರಲ್ಲ. ಹಳೆಯ ತಾಮ್ರದ ಪಾತ್ರೆಯ ಕಂಠದಲ್ಲಿ ಕಟ್ಟುತ್ತದಲ್ಲ, ಆ ಹಸುರು. ಕಪ್ಪು ಬಂಡೆಯ ನಡುವೆ ಅದು ಕವಲೊಡೆದು, ಸೇರಿ, ಮತ್ತೆ ಕವಲೊಡೆದು ಗುಡ್ಡೆಯ ಹೊಟ್ಟೆಯೊಳಗೆ ಹರಿದು ಹೋಗಿತ್ತು. ಹೆಸರಿಟ್ಟವರು ತಮಾಷೆಗಾರರಲ್ಲ. ಅವರು ಗುಡ್ಡೆಯನ್ನು ಒಳಗಿನಿಂದ ಕಂಡವರು. ಚಿನ್ನಯ್ಯ ಅರಿವಿಲ್ಲದೆಯೇ ಚಪ್ಪಲಿ ಕಳಚಿದ.

"ಇದು ಗುಹೆ ಅಲ್ಲ ಚಿನ್ನಯ್ಯಣ್ಣ," ಎಂದಳು ಸಾತ್ವಿಕಾ. "ಗಣಿ. ಮನುಷ್ಯರು ತೋಡಿದ್ದು."

ನೆಲದ ತುಂಬ ಉರುಟು ಕಲ್ಲುಗಳಿದ್ದವು. ಒಂದನ್ನು ಮುಟ್ಟದೆ ಬಗ್ಗಿ ತೋರಿಸಿದಳು. ಅದರ ನಡುವಿಗೆ ಸುತ್ತ ಗೀರು ಕೊರೆದಿದ್ದರು, ಬಳ್ಳಿಯಲ್ಲಿ ಕಟ್ಟಿ ಹಿಡಿ ಮಾಡಿಕೊಳ್ಳಲಿಕ್ಕೆ. ಸುತ್ತಿಗೆಗಳು! ಗೋಡೆಯಲ್ಲಿ ಒಂದು ಬೊಗಸೆಯಷ್ಟು ಗೂಡು, ಗೂಡಿನ ಮೇಲೆ ಮಸಿ. ಅಲ್ಲಿ ದೀಪವಿತ್ತು. ಅದರ ಕೆಳಗೆ ಬಂಡೆ ಬೆನ್ನಿನಷ್ಟು ಅಗಲಕ್ಕೆ ನುಣುಪಾಗಿತ್ತು. ದಣಿದವರು ಒರಗಿ ಒರಗಿ ಕಲ್ಲೇ ಸವೆದಿದೆ ಎಂದು ಚಿನ್ನಯ್ಯನಿಗೆ ಯಾರೂ ಹೇಳಬೇಕಾಗಲಿಲ್ಲ. ಬಸ್ಸಿನ ಬಾಗಿಲ ಪಕ್ಕದ ಕಂಬ ಅವನ ಬೆನ್ನಿಗೆ ಹಾಗೆಯೇ ಸವೆದಿತ್ತು. ಇಷ್ಟು ಕಾಲ ಕುಲೆಗಳೆಂದು ಹೆದರಿದ್ದು ಇವರಿಗೋ ಎಂದುಕೊಂಡ. ನಾಚಿಕೆಯಾಯಿತು.

"ಯಾವ ಕಾಲದವರು ಮೇಡಂ?"

"ಪರೀಕ್ಷೆ ಆಗದೆ ಹೇಳ್ಲಿಕ್ಕೆ ಆಗುವುದಿಲ್ಲ. ಎರಡು ಸಾವಿರ ವರ್ಷ ಇರಬಹುದು, ಮೂರು ಸಾವಿರವೂ ಇರಬಹುದು. ಕಬ್ಬಿಣದ ಗುರುತೇ ಕಾಣುವುದಿಲ್ಲ ನೋಡಿ."

"ಕಬ್ಬಿಣ ಇಲ್ಲದೆ ಇಷ್ಟು ದೊಡ್ಡ ಬಂಡೆ ಹೇಗೆ ಒಡೆದರು?"

ಸಾತ್ವಿಕಾ ಗೋಡೆಯ ಮೇಲೆ ಬೆಳಕು ಬಿಟ್ಟಳು. ಎಲ್ಲಿ ನೋಡಿದರೂ ಬಂಡೆ ಬಟ್ಟಲಿನ ಒಳಮೈಯಂತೆ ಗುಂಡಗೆ ತಗ್ಗಾಗಿತ್ತು, ತಗ್ಗಿನ ತುಂಬ ಮಸಿ. "ಬೆಂಕಿಯಿಂದ. ಬಂಡೆಗೆ ಕಟ್ಟಿಗೆ ಒರಗಿಸಿ ಬೆಂಕಿ ಹಾಕುವುದು. ಚೆನ್ನಾಗಿ ಕಾದ ಮೇಲೆ ತಣ್ಣೀರು ಹೊಯ್ಯುವುದು. ಆಗ ಕಲ್ಲು ಸಿಡಿಯುತ್ತದೆ. ಸಿಡಿದದ್ದನ್ನು ಈ ಸುತ್ತಿಗೆಯಲ್ಲಿ ಕೆದಕಿ ತೆಗೆದು ಹೊರಗೆ ಒಯ್ಯುವುದು. ಮತ್ತೆ ಬೆಂಕಿ, ಮತ್ತೆ ನೀರು. ಹಾಗೆಯೇ ಇಷ್ಟು ದೂರ ಬಂದಿದ್ದಾರೆ."

ಚಿನ್ನಯ್ಯ ಗೋಡೆಯ ತಗ್ಗಿನೊಳಗೆ ಅಂಗೈ ಇಟ್ಟು ಮಸಿಯನ್ನು ಮುಟ್ಟಿದ. ಆಮೇಲೆ ಕೇಳಿದ. "ನೀರು ಹೊಯ್ಯುವಾಗ ಉಳಿದವರು ಎಲ್ಲಿರ್ತಾರೆ?"

"ಹತ್ತಿರ ಇರುವಂತಿಲ್ಲ. ಚೂರು ಹಾರ್ತದೆ, ಹಬೆ ಬರ್ತದೆ. ಹೊಯ್ಯುವವ ಮೊದಲೇ ಕೂಗಿ ಹೇಳ್ತಿದ್ದ ಅಂತ ಕಾಣ್ತದೆ. ಏನಂತ ಕೂಗ್ತಿದ್ದನೋ! ಕಲ್ಲು ಸಿಗ್ತದೆ, ಕಿಟ್ಟ ಸಿಗ್ತದೆ, ಮಾತು ಮಾತ್ರ ಎಲ್ಲಿಯೂ ಸಿಗುವುದಿಲ್ಲ."

"ಪಿರ ಪೋಲೆ," ಎಂದ ಚಿನ್ನಯ್ಯ.

ಸಾತ್ವಿಕಾ ಥಟ್ಟನೆ ಹಿಂದಕ್ಕೆ ಹಾರಿ ನಿಂತಳು. "ಎಂಥ, ಹಾವಾ?"

"ಹಾವಲ್ಲ ಮೇಡಂ. ಅವ ಕೂಗ್ತಿದ್ದದ್ದು. ನಾನೂ ಕೂಗ್ತೇನೆ."

ಹೊರಗಿನ ಬಂಡೆಯ ಬೆಂಕಿ, ಚೆಂಬು, ನುಡಿ, ಕೂಗು, ಆಮೇಲಿನ ಕರೆ, ಎಲ್ಲವನ್ನೂ ಅವನು ಅಲ್ಲಿಯೇ ನಿಂತು ಹೇಳಿದ. ಹೇಳುತ್ತ ಹೇಳುತ್ತ ಅವನಿಗೇ ಒಂದೊಂದಾಗಿ ತಿಳಿಯುತ್ತ ಹೋಯಿತು. ಓಡಿಸುವ ಮಾತಲ್ಲ ಅದು, ಕಾಪಾಡುವ ಮಾತು. ಸಾತ್ವಿಕಾ ಬರೆದುಕೊಳ್ಳಲಿಲ್ಲ, ಮೊಬೈಲು ಹೊರತೆಗೆಯಲಿಲ್ಲ. ಕಣ್ಣು ತುಂಬಿ ಕೇಳಿಸಿಕೊಂಡಳು. "ಆಗ ಅವರ ಭಾಷೆ ಯಾವುದೋ ಯಾರಿಗೂ ಗೊತ್ತಿಲ್ಲ," ಎಂದಳು ಕೊನೆಗೆ. "ಶಬ್ದ ಬೇರೆ ಇದ್ದಿರಬಹುದು. ಆದರೆ ಚಿನ್ನಯ್ಯಣ್ಣ, ಹೇಳುವ ವಿಷಯ ಅದೇ. ನಾನು ಈಗ ಹಿಂದೆ ಹಾರಿದೆನಲ್ಲ, ಅವರೂ ಹೀಗೆಯೇ ಹಾರಿದ್ದಾರೆ."

ಗಣಿ ಇನ್ನೂ ಮುಗಿದಿರಲಿಲ್ಲ. ಕೊನೆಯಲ್ಲಿ ಒಂದು ಇಕ್ಕಟ್ಟು ಸಂದು, ಅಡ್ಡಕ್ಕೆ ತಿರುಗಿ ಉಸಿರು ಎಳೆದುಕೊಂಡು ದಾಟಬೇಕು. ದಾಟಿದರೆ ಕೋಣೆಯಷ್ಟು ಜಾಗ. ಅಲ್ಲಿ ಕಂಡದ್ದನ್ನು ಚಿನ್ನಯ್ಯ ಆಮೇಲೆ ಎಷ್ಟೋ ಜನರಿಗೆ ಹೇಳಿದ, ಒಮ್ಮೆಯೂ ನೆಟ್ಟಗೆ ಹೇಳಲಿಕ್ಕಾಗಲಿಲ್ಲ.

ಎದುರಿನ ಬಂಡೆಗೆ ಕಟ್ಟಿಗೆ ಒರಗಿಸಿ ಇಟ್ಟಿತ್ತು. ಸುಟ್ಟ ಕಟ್ಟಿಗೆಯಲ್ಲ, ಸುಡಲು ಜೋಡಿಸಿಟ್ಟ ಕಟ್ಟಿಗೆ. ತಾಮ್ರದ ನೀರು ಕುಡಿದು ಕುಡಿದು ಅದು ಹಸುರಾಗಿತ್ತು, ಆದ್ದರಿಂದಲೇ ಕೊಳೆಯದೆ ಉಳಿದಿದೆ ಎಂದಳು ಸಾತ್ವಿಕಾ. ಕೆಳಗೆ ದಪ್ಪದ್ದು ಅಡ್ಡ, ಅದರ ಮೇಲೆ ಸಪೂರದ್ದು ಉದ್ದಕ್ಕೆ, ಎಲ್ಲಕ್ಕಿಂತ ಮೇಲೆ ಬಂಡೆಯ ಮುಖಕ್ಕೆ ಒರಗಿದ್ದು. ಜತ್ತಪ್ಪ ಬೈದು ಬೈದು ಚಿನ್ನಯ್ಯನಿಗೆ ಕಲಿಸಿದ್ದು ಇದೇ ಕ್ರಮ. ಎಡಗಡೆ, ಚಿನ್ನಯ್ಯ ಚೆಂಬು ಇಡುವ ಜಾಗದಲ್ಲೇ, ಒಂದು ಮಣ್ಣಿನ ಕೊಡ. ಮೇಲಿನ ಕಲ್ಲಿನಿಂದ ಅದರೊಳಗೆ ಹನಿ ಬೀಳುತ್ತಿತ್ತು. ಕೊಡ ತುಂಬಿತ್ತು. ಎಂದೋ ತುಂಬಿ, ಅಂದಿನಿಂದ ತುಂಬಿಯೇ ಇತ್ತು.

ಹನಿ ಬೀಳುವ ಸದ್ದೊಂದೇ. ಬೆಂಕಿ ಹಾಕಲು ನಾಳೆ ಬರುತ್ತೇವೆ ಎಂದು ಹೇಳಿ ಹೋದವರ ಹಾಗಿತ್ತು ಅದು. ಆ ನಾಳೆ ಬರಲೇ ಇಲ್ಲ. ಯಾಕೆ ಬರಲಿಲ್ಲ? ರೋಗವೋ, ಯುದ್ಧವೋ, ಧಣಿಗಳ ಜಗಳವೋ, ಯಾರಿಗೆ ಗೊತ್ತು? ಕಟ್ಟಿಗೆ ಜೋಡಿಸಿಟ್ಟು ನೀರು ಹೊಯ್ಯುವವನು ಎಲ್ಲರನ್ನೂ ಹಿಂದೆ ಕಳಿಸಿದ್ದ. ಬಲೆ ಎಂದು ಮತ್ತೆ ಮುಂದೆ ಕರೆಯಲು ಅವನಿಗೆ ಸಾಧ್ಯವಾಗಲಿಲ್ಲ. ತನಗಿಂತ ಎಷ್ಟೋ ಹಿಂದಿನ ಒಬ್ಬ ಮನುಷ್ಯನಿಗಾಗಿ, ಹೆಸರು ಗೊತ್ತಿಲ್ಲದ ತನ್ನದೇ ಕೆಲಸದವನಿಗಾಗಿ, ಚಿನ್ನಯ್ಯ ಆ ಕತ್ತಲಲ್ಲಿ ಬಿಕ್ಕಿಬಿಕ್ಕಿ ಅತ್ತ. ಕಟ್ಟಿಗೆಯನ್ನು ಮುಟ್ಟಲಿಲ್ಲ, ಕೊಡವನ್ನು ಮುಟ್ಟಲಿಲ್ಲ. ನೆಲಕ್ಕೆ ಹಣೆ ಹಚ್ಚಿ ಎದ್ದ.

ಹೊರಗೆ ಬಂದಾಗ ಬಿಸಿಲಿಗೆ ಬಿಳಿ ಟೈಲ್ಸು ಫಳಫಳ ಹೊಳೆಯುತ್ತಿತ್ತು, ಅದರ ಎದುರಿಗೆ ಕಾಲುಗಳ ಮೇಲೆ ಕಬ್ಬಿಣದ ಕುಂಡ. ಚಿನ್ನಯ್ಯ ಅದನ್ನೂ ಇದನ್ನೂ ನೋಡಿದ. ಮೂರು ವರ್ಷದಿಂದ ಬೆಂಕಿ ಕುಂಡದಲ್ಲಿ, ನೀರು ಕುಂಡಕ್ಕೆ. ಬಂಡೆಗೆ ಬಿಸಿಯೂ ತಾಗಿಲ್ಲ, ತಂಪೂ ತಾಗಿಲ್ಲ. ಚುಂಯ್ ಎನ್ನುವ ಕೆಂಡದ ಮುಂದೆ ಇಡೀ ಊರು ಕಿವಿಗೊಟ್ಟು ನಿಂತದ್ದು! ಅವನಿಗೆ ನಗು ಬಂತು. ನಗುತ್ತಲೇ ಹೋಗಿ, ಹೊರಗೆ ಕಾದು ನಿಂತಿದ್ದ ವಹಾಬನ ಹೆಗಲು ಹಿಡಿದುಕೊಂಡು ಒಳಗಿನದ್ದೆಲ್ಲ ಹೇಳಿದ. ವಹಾಬನ ಕಿವಿಗೆ ಬಿದ್ದದ್ದು ಸಂಜೆಯ ಬಸ್ಸಿಗೆ ಅಳದಂಗಡಿ ಮುಟ್ಟುತ್ತದೆ. ಕಟ್ಟಿಗೆ ಒರಗಿಸಿಟ್ಟು ಹೋದವರ ಕಥೆ ಊರೆಲ್ಲ ಹರಡಿತು.

ಸುಧಾಕರ ದುಬಾಯಿಯಿಂದ ಬಂದ ಮರುದಿನವೇ ಚಿನ್ನಯ್ಯ ಅವನನ್ನು ಗುಡ್ಡೆಗೆ ಕರೆದುಕೊಂಡು ಹೋದ. ತಾನೇ ಟೈಲ್ಸು ಕೀಳಬಹುದಿತ್ತು, ಆದರೆ ನಡುವಿನ ಟೈಲಿನಲ್ಲಿ ಅಕ್ಕನ ಹೆಸರಿತ್ತು: ದಿವಂಗತ ಗುಲಾಬಿಯವರ ಸ್ಮರಣಾರ್ಥ. ಕೀಳಬೇಕೆಂದು ಕೇಳಿದ ಕೂಡಲೇ ಸುಧಾಕರನ ಮುಖ ಕೆಂಪಾಯಿತು.

"ತಮ್ಮಲೇ, ಚೆಂಬು ಕೈತಪ್ಪುತ್ತದೆ ಅಂತ ಅಮ್ಮನ ಹೆಸರಿಗೆ ಕೈಹಾಕ್ತೀರಾ?" ಸೋದರಮಾವನನ್ನು ಅವರ ಕಡೆ ತಮ್ಮಲೆ ಎನ್ನುತ್ತಾರೆ.

"ಒಳಗೆ ಬಂದು ನೋಡು ಮಾರಾಯ. ನೋಡಿ ಆಮೇಲೆ ಬೈ."

ಸುಧಾಕರ ಬಂದ. ಹಸುರು ಗೋಡೆಯನ್ನು ಕೈಯಿಂದ ಸವರಿ ನೋಡಿದ. ಆದರೆ ಕೊನೆಯ ಸಂದಿನಲ್ಲಿ ಹೋಟೆಲಿನವನ ಹೊಟ್ಟೆ ದಾಟಲಿಲ್ಲ. ಹೀಗೆ ತಿರುಗಿದ, ಹಾಗೆ ತಿರುಗಿದ, ಅಂಗಿಯ ಗುಂಡಿ ಕಿತ್ತು ಹೋಯಿತು. ಸಂದಿಗೆ ಕಿವಿಯಿಟ್ಟರೆ ಆಚೆಯಿಂದ ಹನಿಯ ಸದ್ದು ಮಾತ್ರ ಕೇಳಿಸಿತು. ಬಹಳ ಹೊತ್ತು ಕೇಳಿಸಿಕೊಂಡ.

"ಕಟ್ಟಿಗೆ ಇಟ್ಟದ್ದು ಸತ್ಯವಾ?"

"ಸತ್ಯ."

"ನೀವು ಇಡುವ ಹಾಗೆಯೇ?"

"ಅವರು ಇಟ್ಟ ಹಾಗೆ ನಾನು ಇಡುವುದು."

ಹೊರಗೆ ಬಂದು ಸುಧಾಕರ ಕಾರಿನಿಂದ ಉಳಿ ಸುತ್ತಿಗೆ ತಂದ. ಯಾರನ್ನೂ ಕರೆಯದೆ ಒಂದೊಂದೇ ಟೈಲು ಎಬ್ಬಿಸಿದ. ಅಮ್ಮನ ಹೆಸರಿನದ್ದನ್ನು ಕೊನೆಗೆ, ಸುತ್ತಲಿನ ಸಿಮೆಂಟು ಕೆರೆದು ಕೆರೆದು, ಒಡೆಯದ ಹಾಗೆ ಬಿಡಿಸಿ ತನ್ನ ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿ ಎತ್ತಿಟ್ಟ. ಕಪ್ಪು ಬಂಡೆ ಮತ್ತೆ ಬಯಲಾಯಿತು. "ಇನ್ನೂ ನುಡಿ ಬರದಿದ್ದರೆ?" ಎಂದು ಕೇಳಿದ. ಚಿನ್ನಯ್ಯ ಬಂಡೆಗೆ ಅಂಟಿದ ಸಿಮೆಂಟನ್ನು ಉಗುರಿನಿಂದ ಕೆರೆದ. ಸುಟ್ಟು ಸುಟ್ಟು ಹಳತಾದ ಬಂಡೆ ಸಿಡಿದೇ ಸಿಡಿಯುತ್ತದೆ ಎಂದು ಹೇಳಲು ಸಾತ್ವಿಕಾಳೂ ಒಪ್ಪಿರಲಿಲ್ಲ.

ಬೆಂಕಿ ಹಾಕುವ ಸಂಜೆ ಎಂದಿಗಿಂತ ಹೆಚ್ಚು ಜನ ಸೇರಿದ್ದರು. ವಹಾಬ ಕಟ್ಟಿಗೆಯ ಮೊದಲ ಕಟ್ಟು ಇಳಿಸಿದ. ಚಿನ್ನಯ್ಯ ಕುಂಡವನ್ನು ಕಾಲಿನಿಂದ ಬದಿಗೆ ಸರಿಸಿ, ಬಂಡೆಯ ಬುಡದಲ್ಲಿ ಕೂತು, ಅಡ್ಡ, ಉದ್ದ, ಒರಗಿಸಿ ಜೋಡಿಸಿದ. ಬೆಂಕಿ ಬಂಡೆಯನ್ನು ನೆಕ್ಕುತ್ತ ಏರಿತು. ಕಾಂತಿ ಹೆಂಗಸರ ಸಾಲಿನಲ್ಲಿ ಸೆರಗಿನ ತುದಿ ಕಚ್ಚಿ ನಿಂತಿದ್ದಳು. ಬಂಡೆಯ ಬಿಸಿ ಮುಖಕ್ಕೆ ಹೊಡೆಯುವಷ್ಟಾದಾಗ ಚಿನ್ನಯ್ಯ ಎಡಗಡೆಯಿಂದ ಚೆಂಬು ಎತ್ತಿಕೊಂಡ.

"ಪಿರ ಪೋಲೆ! ಪಿರ ಪೋಲೆ!"

ಎಂದಿನಂತೆ ಗುಹೆಯ ಕಡೆಗೆ ಕೂಗಲಿಲ್ಲ. ಜನರ ಕಡೆಗೆ, ಬಸ್ಸಿನಲ್ಲಿ ಕೂಗುವ ಗಟ್ಟಿ ಗಂಟಲಲ್ಲಿ ಕೂಗಿದ. ಜನ ದಡಬಡನೆ ಹಿಂದೆ ಸರಿದರು. ಅವನು ನೀರು ಹೊಯ್ದ.

ಹಬೆ ಎದ್ದು ಬಂಡೆಯನ್ನೇ ಮುಚ್ಚಿತು. ಚುಂಯ್ ಎಂದಿತು, ಅಷ್ಟೇ. ಹಬೆ ತೆಳುವಾಯಿತು. ಯಾರೋ ಕೆಮ್ಮಿದರು. ಶೇಷಪ್ಪ ಎರಡು ಹೆಜ್ಜೆ ಮುಂದೆ ಬಂದು, ಪಾಪ, ಬಹಳ ಮೆತ್ತಗೆ, ಚೆಂಬಿಗಾಗಿ ಕೈ ಚಾಚಿದ. ಚಿನ್ನಯ್ಯ ಚೆಂಬನ್ನು ಎದೆಗೆ ಒತ್ತಿಕೊಂಡ.

ಆಗ ಕಲ್ಲು ಮಾತಾಡಿತು. ಟಪ್ಪೆಂದಲ್ಲ. ಗುಡ್ಡೆಯ ಒಳಗಿನಿಂದ ಬಂದಂಥ ಒಂದು ದೊಡ್ಡ ಸದ್ದು, ಕಾಲಡಿಯ ನೆಲ ಅದುರಿತು, ಬಾಗಿಲಿನಷ್ಟು ದೊಡ್ಡ ಪದರ ಬಂಡೆಯಿಂದ ಕಳಚಿ ಕೆಂಡದ ಮೇಲೆ ಕುಸಿಯಿತು. ಅದು ಕಳಚಿದ ಜಾಗದಲ್ಲಿ, ಸಂಜೆಯ ಬೆಳಕಿಗೆ, ಹಸಿ ಹಸಿ ಹಸುರು.

ಜನ ಉಸಿರು ಹಿಡಿದು ಕರೆಗಾಗಿ ಕಾದರು. ಚಿನ್ನಯ್ಯ ತಿರುಗಿದ, ಆದರೆ ಜನರ ಕಡೆಗಲ್ಲ. ಗೇಟಿನ ಹತ್ತಿರ ಹೋದ, ಅದನ್ನು ಪೂರ್ತಿ ತೆರೆದು ಬದಿಗೆ ಒತ್ತಿ ಹಿಡಿದ, ಬಸ್ಸಿನ ಬಾಗಿಲು ಹಿಡಿಯುವ ಹಾಗೆ. ಇಷ್ಟು ಕಾಲ ಹಿಂದೆಯೇ ಉಳಿದವರನ್ನು ಒಳಗಿನ ಕತ್ತಲೆಗೆ ಬಗ್ಗಿ ಕರೆದ.

"ಬಲೆ. ಬಲೆ. ಬಲೆ."

ಯಾರೂ ಅಲುಗಲಿಲ್ಲ. ಮೊದಲು ಸರಿದವನು ಸುಧಾಕರ. ಅವನು ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟ, ವಹಾಬ ಇನ್ನೊಂದು ಪಕ್ಕಕ್ಕೆ, ಶೇಷಪ್ಪ, ಕಾಂತಿ, ಆಮೇಲೆ ಎಲ್ಲರೂ. ಗುಹೆಯ ಬಾಯಿಯಿಂದ ರಸ್ತೆಯವರೆಗೆ ಜನ ಎರಡಾಗಿ ಸರಿದು, ನಡುವೆ ದಾರಿ ಬಿಟ್ಟು ನಿಂತರು.